ರಜಾಕನ ಕೈಗುಣ

ನಿನ್ನ ಗ್ರಾಫಿಕ್ಸ್ ಕಾರ್ಡನ್ನು ಸುಟ್ಟವನು ನಾನು, ರಜಾಕ. ನಿನ್ನ ಬ್ಲೋವರ್ ಅಲ್ಲ, ನಿನ್ನ ಕೈಯಂತೂ ಅಲ್ಲವೇ ಅಲ್ಲ — ನಾನು.

ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷ ಬೇಕಾಯಿತೇ ಎಂದು ನೀನು ಕೇಳಬಹುದು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳಿ ಹೋಗುವವನು ನಾನು. ಮೊಬೈಲ್ ತುಸು ಬೆಚ್ಚಗಾದರೂ ಹಾಸಿಗೆಯಿಂದ ದೂರ ಇಡುತ್ತೇನೆ. ಹೆಂಡತಿ ನಗುತ್ತಾಳೆ. ಈ ಅಂಜಿಕೆ ಎಲ್ಲಿಂದ ಶುರುವಾಯಿತು ಎಂದು ಅವಳಿಗೂ ಹೇಳಿಲ್ಲ.

ಅಥಣಿ ರಸ್ತೆಯ ನಿಮ್ಮ ಮನೆಯ ಮಾಳಿಗೆ ಮೇಲಿನ ಆ ತಗಡಿನ ಕೋಣೆ — ನಾನು ಈಗಲೂ ಅಲ್ಲಿಗೆ ಹೋಗಿ ಬರುತ್ತೇನೆ, ಮನಸ್ಸಿನಲ್ಲಿ. ಓಣಿಯವರ ಕೆಟ್ಟ ಕಂಪ್ಯೂಟರುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. “ರಜಾಕನ ಕೈಗುಣ ಛಲೋ ಐತ್ರಿ, ಅವನ ಕಡೇನ ಬಿಚ್ಚಸ್ರಿ” ಎನ್ನುತ್ತಿದ್ದರು ಜನ. ನೀನು ಎಲ್ಲ ಜೋಡಿಸಿ, ಸ್ಕ್ರೂಡ್ರೈವರಿನಿಂದ ಕಂಪ್ಯೂಟರಿನ ಡಬ್ಬವನ್ನು ಮೆಲ್ಲಗೆ ತಟ್ಟಿ, ಬಿಸ್ಮಿಲ್ಲಾ ಎಂದು ನನ್ನ ಕಡೆ ನೋಡುತ್ತಿದ್ದೆ. ಸ್ವಿಚ್ ಒತ್ತುವುದು ನನ್ನ ಕೆಲಸ. ಅಷ್ಟೇ ನನ್ನ ಕೆಲಸ. ಆದರೂ ನಾವಿಬ್ಬರೂ ಸೇರಿ ಮುಂದೆ ತೆರೆಯಲಿದ್ದ ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ನನ್ನ ಹೆಸರೇ ಮೊದಲಿರಬೇಕೆಂದು ಜಗಳವಾಡಿದವನು ನಾನು.

ನಿನ್ನ ಕಂಪ್ಯೂಟರಿನಲ್ಲಿ ನಾವು ಆಡುತ್ತಿದ್ದ ಕಾರ್ ರೇಸಿನಲ್ಲಿ ಧೂಳಿನ ತಿರುವು ಬಂದರೆ ಸಾಕು, ಚಿತ್ರ ತಡವರಿಸುತ್ತಿತ್ತು. ಅಂದಿನ ಕಾರ್ಡುಗಳಲ್ಲಿ ಶೇಡರ್ ಕ್ಲಾಕನ್ನು ಬೇರೆಯಾಗಿ ಏರಿಸಬಹುದು ಎಂದು ನಾನು ಎಲ್ಲೋ ಓದಿದ್ದೆ. ಪರದೆಯ ಬಣ್ಣ, ಬೆಳಕು, ನೆರಳುಗಳನ್ನು ಲೆಕ್ಕಹಾಕುವ ಭಾಗದ ವೇಗ ಅದು. ಏರಿಸಿದರೆ ಆಟ ಸಲೀಸು, ಆದರೆ ಕಾರ್ಡು ಬಿಸಿಯಾಗುತ್ತದೆ. ಹೇಳಿದಾಗ ನೀನು ನಕ್ಕೆ.

“ಶೇಡರ್ ಅಂದ್ರ ನೆಳ್ಳೇನಲೇ ಮಲ್ಲ್ಯಾ? ನಮ್ಮ ಅಬ್ಬಾನ ಶೆಡ್ಡಿನ್ಯಾಗ ನೆಳ್ಳಿದ್ದಷ್ಟೂ ಒಣದ್ರಾಕ್ಷಿ ಹಸರ ಉಳೀತಾವ. ಇದರಾಗ ನೆಳ್ಳು ಹೆಚ್ಚಾದ್ರ ಸುಡತೈತಿ ಅಂತಿ. ಕೈ ಹಚ್ಚಬ್ಯಾಡ. ಓಡಾಕತ್ತೈತಿ, ಓಡ್ಲಿ ಬಿಡು.”

ನೀನು ಸೋದರಮಾವನ ಮಗಳ ಮದುವೆಗೆಂದು ಬಬಲೇಶ್ವರಕ್ಕೆ ಹೋದೆ. ಕೀಲಿ ನನ್ನ ಕೈಗೆ ಕೊಟ್ಟೇ ಹೋದೆ. ಬಿರುಬೇಸಿಗೆಯ ಮಧ್ಯಾಹ್ನ, ಮೇಲೆ ಕಾದ ತಗಡು. ನಾನು ಪರದೆಯ ಮೇಲೆ ಶೇಡರ್ ವೇಗದ ಗುರುತನ್ನು ಒಂದಿಷ್ಟು ಮುಂದೆ ಸರಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ಸರಿಸಿದೆ — ತಿರುವಿನಲ್ಲಿ ಕಾರು ನೀರಿನಂತೆ ಹರಿಯಿತು. ನೋಡಲು ನೀನಿರಬೇಕಿತ್ತು ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆಮೇಲೆ ಪರದೆಯ ತುಂಬ ಹಸಿರು ಚುಕ್ಕೆಗಳು, ಚೆಲ್ಲಿದ ಹೆಸರುಕಾಳಿನ ಹಾಗೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಂದು ಸುತ್ತು ಮುಗಿಸಿಬಿಡೋಣ ಎಂದುಕೊಂಡೆ — ಆ ಒಂದು ಸುತ್ತು, ರಜಾಕ —

ಸುಟ್ಟ ವಾಸನೆ ಬಂತು. ಚುಕ್ಕೆಗಳ ನಡುವೆಯೇ ವೇಗವನ್ನು ಮೊದಲಿನಷ್ಟಕ್ಕೆ ಇಳಿಸಿ ಕಂಪ್ಯೂಟರ್ ಬಂದ್ ಮಾಡಿದೆ. ವಾಸನೆ ಹೋಗಲೆಂದು ಊದಿನಕಡ್ಡಿ ಹಚ್ಚಿದೆ. ಊರಿಂದ ಬಂದ ನೀನು ಮೂಗು ಅರಳಿಸಿ, “ಏನಲೇ, ಕಾರ್ಡಿಗೆ ಪೂಜಿ ಮಾಡೀದೇನು?” ಎಂದು ಕೇಳಿದೆ. ನಾನೂ ನಕ್ಕೆ.

ಅಂದೇ ನೀನು ಶೆಡ್ಡಿನ ಬ್ಲೋವರ್ ತಂದು ಡಬ್ಬದ ಧೂಳು ಹೊಡೆದೆ. ತಟ್ಟಿದೆ, ಬಿಸ್ಮಿಲ್ಲಾ ಎಂದೆ. ನಾನು ಸ್ವಿಚ್ ಒತ್ತಿದೆ. ಪರದೆ ಕಪ್ಪಾಗಿಯೇ ಉಳಿಯಿತು. ನೀನು ನಿನ್ನ ಅಂಗೈ ನೋಡಿಕೊಂಡೆ.

“ಗಾಳಿ ಭಾಳ ಜೋರ ಹಿಡದ್ನೇನೋ. ನಾನ ಕೆಡಿಸಿದೆ, ಹೌದಲ್ಲೋ ಮಲ್ಲ್ಯಾ?”

“ಹೌದು ಅನಸ್ತೈತಿ” ಎಂದೆ.

ಎರಡು ಮಾತು. ಆಮೇಲೆ ಕಂಪ್ಯೂಟರ್ ತಂದವರಿಗೆಲ್ಲ ನೀನು, “ನನ್ನ ಕೈಗುಣ ಹೋತ್ರಿ, ಬ್ಯಾರೆ ಕಡೆ ಒಯ್ಯಿರಿ” ಎನ್ನತೊಡಗಿದೆ. ಮೊದಲು ತಮಾಷೆ ಎಂದುಕೊಂಡೆ. ನಂತರ ತಮಾಷೆ ಅಲ್ಲವೆಂದು ತಿಳಿದೂ ಸುಮ್ಮನಿದ್ದೆ. ಅಂಗಡಿ ತೆರೆಯಲಿಲ್ಲ. ನೀನು ತಿಕೋಟಾಕ್ಕೆ, ಅಬ್ಬಾನ ಒಣದ್ರಾಕ್ಷಿ ಶೆಡ್ಡಿಗೆ ಹೋದೆ, ನಾನು ಒಂದು ಆಫೀಸಿನ ಕುರ್ಚಿಗೆ. ಕಾರ್ಡು ಹೇಗೂ ಹಳೆಯದಾಗಿತ್ತು, ಇಂದಲ್ಲ ನಾಳೆ ಹೋಗುತ್ತಿತ್ತು — ಈ ವಾದವನ್ನು ನನ್ನ ಮುಂದೆ ನಾನೇ ಎಷ್ಟೋ ಸಲ ಮಂಡಿಸಿದ್ದೇನೆ. ಹೋಗುತ್ತಿತ್ತೇನೋ. ನಾನು ಕಸಿದದ್ದು ಕಾರ್ಡನ್ನಲ್ಲವಲ್ಲ.

ಪ್ರತಿ ವರ್ಷ ನೀನು ಒಣದ್ರಾಕ್ಷಿ ಕಳಿಸುತ್ತೀ, ನೆರಳಲ್ಲಿ ಒಣಗಿದ ಹಸಿರು ಹಣ್ಣು. ಅವನ್ನು ಬಾಯಿಗೆ ಹಾಕಿಕೊಂಡಾಗಲೆಲ್ಲ ಆ ಡಬ್ಬ ತಟ್ಟುವ ಸದ್ದಿಗಾಗಿ ಕಿವಿ ಕಾಯುತ್ತದೆ.

ಮೊನ್ನೆ ನೀನು ಫೋನ್ ಮಾಡಿದೆ. “ಮಗಳು ಕಂಪ್ಯೂಟರ್ ಬೇಕಂತಾಳ. ಸಾಮಾನ ತಂದು ನೀನ ಜೋಡಿಸಿ ಕೊಡಪಾ. ನನ್ನ ಕೈಗುಣ ನಿನಗ ಗೊತ್ತೈತಲ್ಲ.” ಹೇಳಿ ನಕ್ಕೆ ನೀನು. ಇಷ್ಟು ವರ್ಷದ ಮೇಲೂ — ನಕ್ಕೆ.

ಸಾಮಾನೆಲ್ಲ ತಂದಿದ್ದೇನೆ. ಒಂದು ಪೆಟ್ಟಿಗೆಯನ್ನೂ ಬಿಚ್ಚಿಲ್ಲ. ಭಾನುವಾರ ತಿಕೋಟಾ ಬಸ್ಸು ಹತ್ತುತ್ತೇನೆ. ಗ್ಯಾಸ್ ನೋಡಲು ಮರಳುವುದಿಲ್ಲ. ಇಲ್ಲಿ ಬರೆದದ್ದನ್ನು ಅಲ್ಲಿ ಬಾಯಿಂದ ಹೇಳುತ್ತೇನೆ, ನಿನ್ನ ಮಗಳ ಎದುರಿಗೇ — ಅಪ್ಪನ ಕೈ ಎಂಥದೆಂದು ಅವಳಿಗೂ ತಿಳಿಯಬೇಕು. ಆಮೇಲೆ ಸ್ಕ್ರೂಡ್ರೈವರನ್ನು ನಿನ್ನ ಮುಂದೆ ಇಡುತ್ತೇನೆ, ಜೋಡಿಸಬೇಕಾದವನು ನೀನೇ. ನೀನು ಅದನ್ನು ಎತ್ತಿಕೊಳ್ಳದಿದ್ದರೆ, ನಾನು ಕೆಡಿಸಿದ ಆ ಕೈಯನ್ನು ಕಣ್ಣಾರೆ ನೋಡಿ ಬರುತ್ತೇನೆ.