ತಂಗಿಯ ಕಿಡ್ನಿ, ಅಮ್ಮನ ಕಷಾಯ

ಮೊದಲು ಊದಿದ್ದು ಕಾಲು. ಗೋಪಾಳದ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿಯೊಳಗೆ ಪಾದ ಹೋಗಲಿಲ್ಲ. ಬಿಸಿಲಿಗಿರಬೇಕು ಅಂದುಕೊಂಡೆ. ಆಮೇಲೆ ಮುಖ ಊದಿತು, ಊಟ ಸೇರದಾಯಿತು, ಕಿಡ್ನಿ ಸೋತಿದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿತು, ಡಯಾಲಿಸಿಸ್ ಶುರುವಾಯಿತು.

ಕಿಡ್ನಿ ಕೊಟ್ಟವಳು ನನ್ನ ತಂಗಿ ಶೈಲಾ.

ಭದ್ರಾವತಿಯಲ್ಲಿ ಅಮ್ಮನ ಮನೆಯ ಹಿಂದಿನ ಬೀದಿಯಲ್ಲೇ ಅವಳ ಸಂಸಾರ. ಟ್ರಾನ್ಸ್‌ಪ್ಲಾಂಟ್ ಆದಮೇಲೆ ನನ್ನನ್ನು ನೋಡಲು ಬಂದವರೆಲ್ಲ ಅವಳನ್ನು ಹೊಗಳಿ ಹೋದರು. "ಎಂಥಾ ತಂಗಿ ಮಾರಾಯ್ತಿ! ಪುಣ್ಯ ಮಾಡಿದ್ದೆ ನೀನು." ಹೌದು, ಪುಣ್ಯವೇ. ಆದರೆ ಮಾಸ್ಕ್ ಹಾಕಿಕೊಂಡು, ಗಡಿಯಾರ ನೋಡಿ ಮಾತ್ರೆ ನುಂಗುತ್ತಾ ಕೂತವಳು ನಾನು. ಮಾತ್ರೆಗೆ ನನ್ನ ಕೆನ್ನೆ ಬನ್ನಿನ ಹಾಗೆ ಉಬ್ಬಿತ್ತು. ಅವಳು ನೋಡಿದರೆ ಆಗಲೇ ಚೀಲ ಹಿಡಿದು ಸಂತೆಗೆ ಹೊರಟಿದ್ದಳು. ಹೊಟ್ಟೆಕಿಚ್ಚು ನನಗೆ. ಮುಚ್ಚುಮರೆ ಯಾಕೆ?

ಡಾಕ್ಟರ್ ಮೊದಲೇ ಹೇಳಿದ್ದರು. "ನಿಮ್ಮ ರಕ್ತದ ಬಿಳಿ ಕಣಗಳಿಗೆ ಇದು ಹೊರಗಿನ ಕಿಡ್ನಿ. ಮೇಲೆ ಬೀಳೋಕೆ ನೋಡ್ತವೆ. ಮಾತ್ರೆ ಅವನ್ನ ಸುಮ್ಮನಿರಿಸುತ್ತೆ. ಬರ್ತಾ ಬರ್ತಾ ಕೆಲವು ಕಣಗಳು ಉಳಿದವನ್ನ ತಡೆಯೋಕೂ ನಿಲ್ತವೆ. ಆದ್ರೆ ಪೂರ್ತಿ ಮರೆಯಲ್ಲ."

ಒಂದು ದಿನ ಅಮ್ಮ ಫೋನಿನಲ್ಲಿ, "ಶೈಲಾಗೆ ಅಮೃತಬಳ್ಳಿ ಕಷಾಯ ಕೊಡ್ತಿದೀನಿ ಕಣೆ. ಅದಕ್ಕೇ ಅಷ್ಟು ಬೇಗ ಎದ್ದು ಓಡಾಡ್ತಿದಾಳೆ" ಎಂದಳು.

"ಅವಳಿಗೆ ಮಾತ್ರಾನಾ? ನಾನೇನು ದಾರೀಲಿ ಸಿಕ್ಕಿದವಳಾ?"

ನಮ್ಮಮ್ಮನ ಕೈಯಲ್ಲಿ ಒಬ್ಬಳಿಗೆ ಇದ್ದು ಇನ್ನೊಬ್ಬಳಿಗೆ ಇಲ್ಲ ಅನ್ನುವುದೇ ಇಲ್ಲ. ಚಿಕ್ಕಂದಿನಲ್ಲಿ ಒಬ್ಬಳಿಗೆ ಜ್ವರ ಬಂದು ಕಷಾಯ ಕಾಯಿಸಿದರೆ, ಗಟ್ಟಿಮುಟ್ಟಾಗಿದ್ದವಳಿಗೂ ಅರ್ಧ ಲೋಟ. ಫೋನಿನ ಮರುದಿನವೇ ಅಮ್ಮ ಫ್ಲಾಸ್ಕ್ ಹಿಡಿದು ಬಸ್ಸಿಳಿದಳು. ಕಷಾಯ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ ಅಂತ ಅಮ್ಮನಿಗೂ ಗೊತ್ತು, ನನಗೂ ಗೊತ್ತು. ನನ್ನಲ್ಲಿ ಅದು ಹೆಚ್ಚಬಾರದು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಮನೆಮದ್ದಿಗೆ ಡಾಕ್ಟರನ್ನು ಯಾರು ಕೇಳುತ್ತಾರೆ? ಬಳ್ಳಿಯ ಕಡ್ಡಿಗಳನ್ನೂ ಕೊಟ್ಟು ಹೋದಳು. ಶೈಲಾಗಿಂತ ಒಂದು ಗುಟುಕು ಜಾಸ್ತಿಯೇ ಇರಲಿ ಅಂತ ದಿನಾ ಕುಡಿದೆ.

ಕ್ರಿಯಾಟಿನಿನ್ ಮತ್ತೆ ಏರಿತು.

ಬಯಾಪ್ಸಿ ಮಾಡಿದರು. ರಿಜೆಕ್ಷನ್ ಶುರುವಾಗಿತ್ತು, ಮೈ ಹೊಸ ಕಿಡ್ನಿಯನ್ನು ಹೊರದೂಡಲು ಹೊರಟಿತ್ತು. ಕಷಾಯದ ವಿಷಯ ಹೇಳಿದಾಗ ಡಾಕ್ಟರ್ ಹಣೆ ಒತ್ತಿಕೊಂಡರು. "ಅದೇ ಕಾರಣ ಅಂತ ಖಡಾಖಂಡಿತ ಹೇಳೋಕಾಗಲ್ಲಮ್ಮ. ಆದ್ರೆ ಸುಮ್ಮನಿದ್ದ ಕಣಗಳನ್ನ ಎಬ್ಬಿಸೋದು ಯಾಕೆ?" ಸ್ಟಿರಾಯ್ಡ್ ಡ್ರಿಪ್ ಹಾಕಿದರು. ಕಿಡ್ನಿ ಹೋದರೆ ಇನ್ನೊಂದು ಕೊಡಲು ನನಗೆ ಇನ್ನೊಬ್ಬ ತಂಗಿಯಿಲ್ಲ. ಅಮ್ಮ ವಾರ್ಡಿನ ಹೊರಗೆ ಕೂತು ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಿದ್ದಳಂತೆ.

ಡ್ರಿಪ್‌ಗಳು ಮುಗಿದು, ಕ್ರಿಯಾಟಿನಿನ್ ನಿಧಾನಕ್ಕೆ ಇಳಿಯತೊಡಗಿದ ಮೇಲೆ ಶೈಲಾ ಬಂದಳು. ಬಂದವಳೇ ಬೈದಳು.

"ಇದ್ದ ಎರಡರಲ್ಲಿ ಒಂದು ನಿಂಗೆ ಕೊಟ್ಟೆ. ಅದು ಸಾಲದೆ ನನ್ನ ಕಷಾಯದ ಮೇಲೂ ಕಣ್ಣು ಹಾಕಿದ್ಯಲ್ಲೇ ಅಕ್ಕ!"

ಆಮೇಲೆ ನನ್ನ ಕಿಬ್ಬೊಟ್ಟೆಯ ಬಲಗಡೆ, ತನ್ನ ಕಿಡ್ನಿ ಕೂರಿಸಿದ್ದ ಜಾಗದಲ್ಲಿ, ಮೆಲ್ಲಗೆ ಕೈಯಿಟ್ಟಳು. "ಅದಕ್ಕೇನೂ ಆಗಿಲ್ಲ ತಾನೆ?"

ನೋಡಿ, ವಿಚಾರಿಸಿದ್ದು ಕಿಡ್ನಿಯನ್ನು. ನನ್ನನ್ನಲ್ಲ. ಮತ್ತೆ ಹೊಟ್ಟೆ ಉರಿಯಿತು.

"ಅದು ಉಳ್ಕೊಳ್ಳುತ್ತಂತೆ" ಎಂದೆ. "ನೀನು ಹೆಂಗಿದೀಯೆ?"

ಅವಳು ನನ್ನ ಮುಖವನ್ನೇ ನೋಡಿದಳು. ಆಪರೇಷನ್ ಆದಮೇಲೆ ಆ ಮಾತು ನನ್ನ ಬಾಯಲ್ಲಿ ಬಂದಿದ್ದು ಅದೇ ಮೊದಲು. ಕಣ್ಣು ತುಂಬಿಕೊಂಡಳು.

"ಎಡಗಡೆ ಹೊಲಿಗೆ ಇನ್ನೂ ಎಳೆಯುತ್ತೆ ಅಕ್ಕ. ಸಂತೆ ಚೀಲ ಹಿಡಿದ್ರೆ ಜೀವ ಹೋಗುತ್ತೆ. ಎಲ್ಲರೂ ಅಷ್ಟು ಹೊಗಳ್ತಿರುವಾಗ ಯಾರ ಹತ್ರ ಹೇಳಲಿ?"

ನಾನು ಡ್ರಿಪ್‌ನ ಸೂಜಿ ಇನ್ನೂ ಉಳಿದಿದ್ದ ಕೈ ಎತ್ತಿಕೊಂಡು ಗೋಡೆ ಕಡೆ ಸರಿದೆ. ಅವಳು ಚಪ್ಪಲಿ ಬಿಟ್ಟು, ಬಲ ಮಗ್ಗುಲಾಗಿ, ನನ್ನ ಪಕ್ಕ ಮಲಗಿಕೊಂಡಳು.