ಮುಚ್ಚಿದ ಕೋಣೆಯ ಊಟ

ನನ್ನ ಹೆಂಡತಿ ತೀರಿಕೊಂಡಾಗ ಮಗನಿಗೆ ಮೂರು ತಿಂಗಳು. ನೌಕಾನೆಲೆಗೆ ಜಾಗ ಹೋಗಿ, ಅರ್ಗಾದ ಮನೆ ಬಿಟ್ಟು ನಾವು ತೋಡೂರಿನ ಪುನರ್ವಸತಿ ಕಾಲೊನಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಗೋಡೆಯ ಸುಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಹಳೆಯ ಮನೆಯಲ್ಲಿ ಎಷ್ಟು ಜನ ಸತ್ತಿದ್ದರೋ ಗೊತ್ತಿಲ್ಲ. ಈ ಮನೆಗೆ ಅವಳೇ ಮೊದಲನೆಯವಳು.

ಎಂಟನೇ ತಿಂಗಳು ಬಂದರೂ ಮಗ ಡಬ್ಬಿ ಹಾಲು ಬಿಟ್ಟು ಬೇರೇನೂ ನುಂಗುತ್ತಿರಲಿಲ್ಲ. ನನ್ನ ತಾಯಿ, ಆಯಿ, ಅವನನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಿಂದ ರಾಗಿ ಮಣ್ಣಿ ಹಾಕುವಳು. ಅವನು ಬಾಯಲ್ಲೇ ಇಟ್ಟುಕೊಂಡು, ಅವಳು ಆಚೆ ನೋಡಿದಾಗ ಉಗುಳುವನು. ತೂಕ ಎರಡು ತಿಂಗಳಿಂದ ಏರಿರಲಿಲ್ಲ.

“ಕೈಯಾ ಇದು? ನಿನ್ನಪ್ಪ ಸೀಳಿದ ರೀಪಿನ ಹಾಂಗೆ ಉಂಟು” ಎಂದು ಆಯಿ ಅವನಿಗೆ ಹೇಳುತ್ತಿದ್ದಳು. ನಾನು ಬಡಗಿ. ಅವಳು ನಗಿಸಲಿಕ್ಕೆ ಹೇಳುತ್ತಿದ್ದಳು, ಆದರೆ ನಾವಿಬ್ಬರೂ ನಗುತ್ತಿರಲಿಲ್ಲ.

ಸತ್ತವರಿಗೆ ಒಂದು ವರ್ಷದ ತನಕ ಪ್ರತಿ ತಿಂಗಳು ಆ ತಿಥಿಗೆ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ನಡುಕೋಣೆಯಲ್ಲಿ ಬಾಳೆ ಎಲೆ ಹಾಕಿ, ಅವರಿಗೆ ಸೇರುತ್ತಿದ್ದುದನ್ನೆಲ್ಲ ಬಡಿಸಿ, ಕಿಟಕಿ ಬಾಗಿಲು ಮುಚ್ಚಿ ಹೊರಗೆ ಬರುವುದು. ಒಬ್ಬ ಮನುಷ್ಯ ಉಂಡು ಕೈ ತೊಳೆಯುವಷ್ಟು ಹೊತ್ತು ಯಾರೂ ಒಳಗೆ ಹೋಗಬಾರದು. ತೆರೆಯುವ ಮೊದಲು ಕೆಮ್ಮಬೇಕು. ಅವಳಿಗೆ ಸೇರುತ್ತಿದ್ದುದು ಬೇಯಿಸಿದ ಗೆಣಸು ಮತ್ತು ಬಂಗಡೆ. ಗೆಣಸನ್ನು ಅಂಕೋಲೆಯಿಂದ ಅವಳ ತಾಯಿ ಬಸ್ಸಿನಲ್ಲಿ ಕಳಿಸುತ್ತಿದ್ದರು.

ಐದನೆಯ ಎಡೆಯ ದಿನ ಮಧ್ಯಾಹ್ನ ಮಗ ಅದೇ ಕೋಣೆಯಲ್ಲಿ ಪೆಟ್ಟಿಗೆಯ ಹಿಂದೆ ಚಾಪೆಯ ಮೇಲೆ ಮಲಗಿದ್ದ. ನಾನು ಎತ್ತಿಕೊಂಡು ಹೋಗಿರಬೇಕು ಎಂದು ಆಯಿ ತಿಳಿದಳು. ಆಯಿ ಎತ್ತಿಕೊಂಡಿರಬೇಕು ಎಂದು ನಾನು ತಿಳಿದೆ. ಬಾಗಿಲು ಎಳೆದವನು ನಾನು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಬಾಯಲ್ಲಿ ತುತ್ತು ಇಟ್ಟುಕೊಂಡು ಮಗು ನಗುವ ಒದ್ದೆ ನಗು.

“ಆಯಿ, ಹುಡ್ಗ ಒಳಗೇ ಉಳ್ದ.”

ಆಯಿ ನನ್ನ ಕೈ ಹಿಡಿದಳು. “ತಡಿಯಾ. ಉಂಬುಕೆ ಕೂತವ್ರನ್ನ ಅರ್ಧಕ್ಕೆ ಎಬ್ಬಿಸುಕಾಗ.”

“ಎಲೆಯಲ್ಲಿ ಬಂಗಡೆ ಉಂಟು. ಮುಳ್ಳು ಗಂಟ್ಲಿಗೆ ಸಿಕ್ಕಿರೆ?”

“ಅವ್ಳ ಮಗನೇ ಅಲ್ದಾ? ಅವ್ಳು ನೋಡ್ಕಂತಿಲ್ವಾ?”

ನಾನು ಬಾಗಿಲು ದೂಡಬಹುದಿತ್ತು. ದೂಡಲಿಲ್ಲ. ಆಯಿಗೆ ಹೆದರಿ ಅಲ್ಲ. ಆ ನಗು ಅವನು ನಮ್ಮೆದುರು ಒಮ್ಮೆಯೂ ನಕ್ಕ ನಗುವಾಗಿರಲಿಲ್ಲ. ಅದನ್ನು ಇನ್ನಷ್ಟು ಕೇಳಬೇಕು ಅನಿಸಿತು. ತಂದೆಯಾದವನು ಹಾಗೆ ನಿಂತದ್ದು ತಪ್ಪು, ಆದರೆ ನಿಂತೆ.

ಕೆಮ್ಮಿ ಬಾಗಿಲು ತೆರೆದಾಗ ಅವನು ಎಲೆಯ ಮುಂದೆ ಕೂತಿದ್ದ. ಎರಡೂ ಕೈಯಲ್ಲಿ ಗೆಣಸು, ಹುಬ್ಬಿನ ತನಕ ಅನ್ನ. ಒಂದು ಗೆಣಸು ಪೂರ್ತಿ ಖಾಲಿಯಾಗಿತ್ತು. ಬಂಗಡೆಯ ತಿರುಳು ಅವನ ಕಡೆಗೆ ಸಣ್ಣ ಗುಡ್ಡೆಯಾಗಿ ಇತ್ತು. ಮುಳ್ಳುಗಳು ಎಲೆಯ ಆಚೆ ಅಂಚಿನಲ್ಲಿ ಒಂದರ ಪಕ್ಕ ಒಂದು ಇದ್ದವು.

“ಮುಳ್ಳು ನೀ ತೆಗ್ದಿಟ್ಟಿದ್ಯಾ?” ಎಂದು ಆಯಿಯನ್ನು ಕೇಳಿದೆ.

“ಎಡೆಗೆ ಯಾರಾದ್ರೂ ಮುಳ್ಳು ತೆಗ್ದು ಇಡ್ತ್ರಾ?” ಎಂದಳು. ಬೆಕ್ಕು ಬಂದಿರಬಹುದು ಎಂದು ಕಿಟಕಿ ನೋಡಿದೆ. ಚಿಲಕ ಹಾಕಿದ ಹಾಗೇ ಇತ್ತು.

ಮರುದಿನ ಅಡುಗೆಮನೆಯಲ್ಲಿ ಎಲೆ ಹಾಕಿ ಗೆಣಸು ಕೊಟ್ಟೆವು. ಎಸೆದ. ನಡುಕೋಣೆಯಲ್ಲಿ ಕೂರಿಸಿ ನಾವು ಅವನ ಎರಡೂ ಪಕ್ಕ ಕೂತೆವು. ಅವನು ಎಲೆಯ ಆಚೆ ನೋಡುತ್ತ ಏನನ್ನೂ ಮುಟ್ಟಲಿಲ್ಲ. ಹೊರಗೆ ಬಂದು ಬಾಗಿಲು ಮುಚ್ಚಿದೆವು. ತಿಂದ. ಅಂದಿನಿಂದ ದಿನವೂ ಅದೇ. ಗೆಣಸು, ಬಾಳೆಹಣ್ಣು, ಮೆತ್ತಗಾದ ಅನ್ನದ ಉಂಡೆ, ಎಲ್ಲವನ್ನೂ ತನ್ನ ಕೈಯಿಂದಲೇ. ನಾನು ಕೆಲಸದಿಂದ ಮಧ್ಯಾಹ್ನ ಮನೆಗೆ ಬರುವುದನ್ನು ರೂಢಿ ಮಾಡಿಕೊಂಡೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೇಳುತ್ತಿದ್ದೆ. ಅವನು ಏನೋ ಹೇಳುವನು, ನಿಲ್ಲಿಸುವನು, ಉತ್ತರ ಸಿಕ್ಕವನ ಹಾಗೆ ನಗುವನು. ಆ ನಿಲ್ಲಿಸಿದ ಜಾಗದಲ್ಲಿ ನಾನು ಉಸಿರು ಹಿಡಿಯುತ್ತಿದ್ದೆ. ನನಗೆ ಏನೂ ಕೇಳಿಸುತ್ತಿರಲಿಲ್ಲ.

ತೂಕ ಏರಿತು. ಆದರೆ ಮಗ ನಮ್ಮಿಂದ ದೂರ ಹೋಗತೊಡಗಿದ. ಹೊರಗೆ ಎತ್ತಿಕೊಂಡು ಬಂದರೆ ಮೈ ಬಿಗಿ ಮಾಡುವನು. ನನ್ನನ್ನು ನೋಡಿದರೆ ಊರಿಗೆ ಹೊಸಬರನ್ನು ನೋಡಿದ ಹಾಗೆ ನೋಡುವನು. ಹಾಲಿಗೂ ಬಾಯಿ ತೆರೆಯದೆ ಆ ಬಾಗಿಲ ಕಡೆಗೇ ಅಂಬೆಗಾಲಿಡುವನು. ಒಂದು ದಿನ ಆಯಿ ಹೊಸ್ತಿಲ ಮೇಲೆ ಕೂತು ಅತ್ತಳು. “ಉಣ್ಸಿ ಉಣ್ಸಿ ತನ್ನ ಸಂಗ್ಡ ಕರ್ಕಂಡು ಹೋಗ್ತಾಳೇನೋ ಅವ್ಳು” ಎಂದಳು. ನನ್ನ ಮನಸ್ಸಿನಲ್ಲಿದ್ದುದೂ ಅದೇ.

ತೂಕ ನೋಡಲು ಬಂದ ಅಂಗನವಾಡಿಯ ಅಕ್ಕೋರಿಗೆ ಇಷ್ಟು ಮಾತ್ರ ಹೇಳಿದೆ: ಹುಡುಗ ಕೋಣೆಯಲ್ಲಿ ಒಬ್ಬನೇ ಕೂತು ತಿನ್ನುತ್ತಾನೆ.

“ಒಬ್ನೇ ಬಿಡ್ತ್ರಾ?” ಅವರ ದನಿ ಏರಿತು. “ಕೈಯಿಂದ ತಿನ್ಲಿ, ಒಳ್ಳೇದೇ. ಮೂಗು ಹಿಡ್ದು ಸುರಿದ್ರೆ ನೀವಾದ್ರೂ ತಿಂತ್ರಾ? ಬೆರಳಲ್ಲಿ ಹಿಚುಕಿರೆ ಹಿಟ್ಟಾಗೂ ಹಾಂಗೆ ಬೇಯ್ಸಿ ಕೊಡಿ. ಆದ್ರೆ ಗಂಟ್ಲಿಗೆ ಸಿಕ್ಕಿರೆ ನೋಡೂರು ಯಾರು? ಎದುರಿಗೆ ಕೂತು ನೀವೂ ಅದನ್ನೇ ತಿನ್ನಿ. ಅವ್ನು ನೋಡಿ ಕಲಿಬೇಕಾದ್ದು ನಿಮ್ಮನ್ನ.”

ಮರುದಿನ ಮಧ್ಯಾಹ್ನ ನಡುಕೋಣೆಯಲ್ಲಿ ಎಲೆ ಹಾಕಿ, ಬಾಗಿಲು ತೆರೆದೇ ಇಟ್ಟೆ. ಆಯಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎಲೆಯ ಆಚೆ ಕಡೆ, ಅಷ್ಟು ದಿನ ನಾವು ಯಾರೂ ಮುಟ್ಟದ ಜಾಗ ಇತ್ತು. ಅಲ್ಲಿ ಕೂರುವುದೆಂದರೆ ಅವಳನ್ನು ಎಬ್ಬಿಸಿದಂತೆ. ಸ್ಮಶಾನದಲ್ಲೂ ನನಗೆ ಅಷ್ಟು ಕಷ್ಟ ಆಗಿರಲಿಲ್ಲ. “ಇನ್ನು ನಾ ಕೂರ್ತೆ” ಎಂದು ಹೇಳಿ ಕೂತೆ. ನೆಲ ಬೆಚ್ಚಗಿತ್ತು.

ಮಗ ನನ್ನ ತಲೆಯ ಮೇಲಕ್ಕೆ ನೋಡುತ್ತಿದ್ದ. ನಾನು ಗೆಣಸು ಮುರಿದು ಬಾಯಿಗೆ ಹಾಕಿಕೊಂಡೆ. ಅವನಿಗೆ ಕಾಣುವ ಹಾಗೆ ಅಗಿದೆ. ಮತ್ತೊಂದು ತುಂಡು ಮುರಿದೆ. ಆಮೇಲೆ ಅವನ ಕಣ್ಣು ನನ್ನ ತಲೆಯ ಮೇಲಿಂದ ಭುಜಕ್ಕೆ, ಭುಜದಿಂದ ಪಕ್ಕಕ್ಕೆ, ಮೆಲ್ಲಗೆ, ನಡೆಯುವವರನ್ನು ಹಿಂಬಾಲಿಸುವ ಹಾಗೆ ಸರಿಯಿತು. ನಾನು ತಿರುಗಿ ನೋಡಲಿಲ್ಲ. ಬಾಗಿಲ ತನಕ ಕಣ್ಣಿನಲ್ಲೇ ಕಳಿಸಿಕೊಟ್ಟು, ಅವನು ಎಲೆಗೆ ಕೈ ಹಾಕಿದ.