ಹುಲ್ಲಿನ ಮೇಲೆ ಹಾಸಿದ ಪಂಚೆ

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಅಂಥವನು ಅರವತ್ತರ ದಶಕದಲ್ಲಿ ಹೋಗಿ ಸೇರಿದ್ದು ಗ್ಲೈಡಿಂಗ್ ಕ್ಲಬ್ಬಿಗೆ. ಅಲ್ಲಿ ಹಾರುವುದು ನಾಲ್ಕು ನಿಮಿಷ, ಕಾಯುವುದು ಇಡೀ ಭಾನುವಾರ. ಯಾದವಗಿರಿಯಿಂದ ಸೈಕಲ್ ತುಳಿದು ನಂಜನಗೂಡು ರಸ್ತೆಯ ಬಯಲು ಸೇರಿದರೆ, ಒಂದೇ ಗ್ಲೈಡರಿಗೆ ನಾವು ಏಳೆಂಟು ಜನ. ಅದಕ್ಕೆ ಎಂಜಿನ್ ಇಲ್ಲ. ಬಯಲಿನ ಆ ತುದಿಯಲ್ಲಿ ಹಳೇ ಲಾರಿಯ ಎಂಜಿನ್ನೊಂದು ಉಕ್ಕಿನ ಹಗ್ಗ ಸುತ್ತಿ ಅದನ್ನು ಮೇಲಕ್ಕೆಳೆಯುತ್ತಿತ್ತು. ಮೇಲೆ ಹೋದವನು ಹಗ್ಗ ಬಿಟ್ಟು, ಕಾದ ನೆಲದಿಂದ ಏಳುವ ಗಾಳಿಯನ್ನು ಹುಡುಕಬೇಕು. ಸಿಕ್ಕರೆ ಹದ್ದಿನ ಹಾಗೆ ಸುತ್ತುತ್ತ ಏರಬಹುದು, ಸಿಗದಿದ್ದರೆ ಜಾರಿಕೊಂಡು ಬಂದು ಇಳಿಯಬೇಕು. ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ನಾನು ಹೈಸ್ಕೂಲ್ ಮೇಷ್ಟರಾದ್ದರಿಂದ, "ಮೇಷ್ಟ್ರು ಮೇಲೆ ಹೋದ್ರೆ ಗಾಳಿಗೂ ರಜ" ಎಂದು ಎಲ್ಲರೂ ನಗುತ್ತಿದ್ದರು.

ನಮ್ಮಲ್ಲೊಂದು ಕಟ್ಟುಪಾಡಿತ್ತು. ಮೇಲಿದ್ದವನು ಇಳಿಯದೆ ಸುತ್ತುತ್ತಲೇ ಇದ್ದರೆ, ಮುಂದಿನ ಸರದಿಯವನು ಹುಲ್ಲಿನ ಮೇಲೆ ಬಿಳಿ ಪಂಚೆ ಹಾಸಬಹುದು. ಹಾಸಿದರೆ ಇಳಿಯಲೇಬೇಕು. ಹಾಸುವ ಹಕ್ಕು ಅವನೊಬ್ಬನದೇ, ಬೇರೆ ಯಾರಿಗೂ ಇಲ್ಲ. ಹಾರಾಟ ಕಲಿಸುತ್ತಿದ್ದ ಗುರುಗಳೇ ಮಾಡಿದ ನಿಯಮ ಅದು. ಪಂಚೆ ಮಾತ್ರ ನನ್ನ ಗೆಳೆಯನದು. ಹಳ್ಳಿಯ ಕಡೆಯಿಂದ ಬಂದು ತಾಲ್ಲೂಕು ಕಚೇರಿ ಸೇರಿದ್ದ ಗುಮಾಸ್ತ ಆತ. ಪಂಚೆಯುಟ್ಟು ಬರುತ್ತಿದ್ದ, ಚಡ್ಡಿಯಲ್ಲಿ ಹಾರುತ್ತಿದ್ದ.

ಕೊನೆಯ ಭಾನುವಾರ ಅದು. ಗ್ಲೈಡರನ್ನು ಬೇರೆ ಊರಿಗೆ ಒಯ್ಯಲು ಲಾರಿ ಆಗಲೇ ಬಂದು ನಿಂತಿತ್ತು. ಕಟ್ಟಕಡೆಯ ಸರದಿ ನನ್ನದು, ಅದಕ್ಕೆ ಮೊದಲು ಗೆಳೆಯನದು. ಅವನು ಹೋದವನೇ ಬೆಟ್ಟದ ಕಡೆ ಗಾಳಿ ಹಿಡಿದು ಏರತೊಡಗಿದ. ನಾನು ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು ಅತ್ತಿಂದಿತ್ತ ಅಲೆದೆ. ಕೂತೆ, ಎದ್ದೆ. ಬಿಸಿಲು ಹಳದಿಯಾಗುತ್ತಿತ್ತು. ನೆಲ ತಣಿದರೆ ಗಾಳಿ ಸತ್ತ ಹಾಗೆ. ಅವನಿಗೂ ಇದೇ ಕೊನೆಯ ಹಾರಾಟ ಎಂಬುದು ಗೊತ್ತಿತ್ತು, ನನಗೆ ಇದು ತಪ್ಪಿದರೆ ಜನ್ಮದಲ್ಲಿ ಮತ್ತೆ ಇಲ್ಲ ಎಂಬುದೂ ಗೊತ್ತಿತ್ತು. ಹೊಟ್ಟೆ ಉರಿಯುತ್ತಿತ್ತು. ಪಂಚೆ ಹಾಸಿಬಿಟ್ಟೆ.

ಅವನು ಒಂದು ಸುತ್ತನ್ನೂ ಹೆಚ್ಚು ಹಾಕಲಿಲ್ಲ. ನೆಟ್ಟಗೆ ಬಂದು ಇಳಿದ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಸೀಟಿನ ಪಟ್ಟಿ ಬಿಚ್ಚುತ್ತಲೇ ಹೇಳಿದ:

"ಇಟ್ಟಿಗೆ ಗೂಡು ಐತಲ್ಲ, ಅದ್ರ ಎಡಕ್ಕೆ ಹೋಗಿ ಮೇಷ್ಟ್ರೇ. ಗಾಳಿ ಇನ್ನೂ ಅಲ್ಲೇ ಐತೆ. ಬೇಗ ಹತ್ತಿ."

ಹೋದೆ. ಗೂಡಿನ ಎಡಕ್ಕೆ ಬರುತ್ತಲೇ ಬೆನ್ನಿನ ಕೆಳಗೆ ಯಾರೋ ಕೈ ಕೊಟ್ಟು ಎತ್ತಿದಂತಾಯಿತು. ಸುತ್ತಿದೆ, ಏರಿದೆ. ಬೆಟ್ಟದ ಗುಡಿ ಕಣ್ಣಿನ ಮಟ್ಟಕ್ಕೆ ಬಂತು, ಆಮೇಲೆ ಕೆಳಗಾಯಿತು. ಖುಷಿಗೆ ಒಬ್ಬನೇ ನಕ್ಕೆ. ಆದರೂ ನೆಮ್ಮದಿಯಿಲ್ಲ, ಪ್ರತಿ ಸುತ್ತಿಗೂ ಕಣ್ಣು ಬಯಲಿಗೇ ಹೋಗುತ್ತಿತ್ತು. ನಾನು ಹಾಸಿದ್ದ ಪಂಚೆ ಅಲ್ಲೇ ಬಿಳಿಯ ಚುಕ್ಕೆಯಾಗಿ ಬಿದ್ದಿತ್ತು. ಮುಂದಿನ ಸುತ್ತಿಗೆ ನೋಡಿದರೆ ಹುಲ್ಲು ಬರಿದಾಗಿತ್ತು. ನನ್ನ ನಂತರ ಸರದಿ ಯಾರದೂ ಇಲ್ಲದಿದ್ದರೂ, ಲಾರಿ ಕಾಯುತ್ತಿದೆಯಲ್ಲ, ಇನ್ನೊಂದು ಗಳಿಗೆಯಲ್ಲಿ ಮತ್ತೆ ಹಾಸುತ್ತಾರೆ ಎಂದುಕೊಂಡೆ. ಗಾಳಿ ತಾನಾಗಿ ಸೋಲುವವರೆಗೂ ಯಾರೂ ಹಾಸಲಿಲ್ಲ.

ಇಳಿದಾಗ ಗುರುಗಳು ಲಾರಿಯ ಪಕ್ಕದಲ್ಲಿ ಸಿಡಿಮಿಡಿಗುಟ್ಟುತ್ತಿದ್ದರು. ಗೆಳೆಯ ದೂರದಲ್ಲಿ ಪಂಚೆಯುಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದ. ನಾನು ಹತ್ತಿರ ಹೋದಾಗ ಹೇಳಿದ:

"ಲಾರಿಗೆ ಹೊತ್ತಾಯ್ತು, ನಿಮ್ಮನ್ನ ಇಳಿಸಬೇಕು, ಪಂಚೆ ಹಾಸು ಅಂದ್ರು ಗುರುಗಳು. ಉಟ್ಕೊಂಡ್ಬುಟ್ಟಿದೀನಿ, ಎಂಗೆ ಬಿಚ್ಚದು ಅಂದೆ."

ನಾನು ಅವನ ಪಕ್ಕದಲ್ಲಿ ಕೂತೆ. "ನಾನು ಕರೆದಾಗ ನಿಮಗೆ ಸಿಟ್ಟು ಬರಲಿಲ್ವೇನ್ರೀ?"

"ಬಂತು. ಇಳಿಯೋಗಂಟ ಇತ್ತು. ಆಮೇಲೆ ನಿಮ್ಮ ಮುಖ ನೋಡ್ದೆ."

ಪಂಚೆ ಕೊಡವಿಕೊಂಡು ಎದ್ದ. ಇಬ್ಬರೂ ಗ್ಲೈಡರಿನ ರೆಕ್ಕೆ ಕಳಚಲು ಹೋದೆವು.